ಮಾವನವರಿಗೆ ನಾನು ಮಾಡಿದ ಹಿತಕಿದ ಬೇಳೆ ಸಾರು

ಅಡುಗೆ ಮಾಡುವುದು ಬಹಳ ಕಷ್ಟದ ಕೆಲಸ ಎಂದು ಹೆಂಗಸರೆಲ್ಲ ಸೇರಿ ಎಬ್ಬಿಸಿರುವ ಪುಕಾರು ಇದೆಯಲ್ಲ, ಅದನ್ನು ನಾನು ಬಹಳ ಕಾಲ ನಂಬಿರಲಿಲ್ಲ. ಕುದಿಯುವುದು ನೀರಿನ ಧರ್ಮ, ಬೇಯುವುದು ಬೇಳೆಯ ಕರ್ಮ. ಪಕ್ಕದಲ್ಲಿ ನಿಂತವರು ಸ್ವಲ್ಪ ಹುಳಿ ಖಾರ ಹಾಕಿ ಕೆಳಗಿಳಿಸಿದರೆ ಮುಗಿಯಿತು! ತಿಪಟೂರಿನ ನಮ್ಮ ಜವಳಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಕ್ಕಪಕ್ಕದ ಅಂಗಡಿಯವರನ್ನು ಕೂರಿಸಿಕೊಂಡು ಈ ವಿಷಯವಾಗಿ ನಾನು ಉಪನ್ಯಾಸ ಕೊಟ್ಟದ್ದೂ ಉಂಟು. ಕೇಳುವವರೆಲ್ಲ ಗಂಡಸರೇ ಆದ್ದರಿಂದ ಯಾರೂ ಎದುರು ಮಾತಾಡಿರಲಿಲ್ಲ.

ನನ್ನ ಸಿದ್ಧಾಂತಕ್ಕೆ ಪರೀಕ್ಷೆ ಬಂದದ್ದು ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ. ನಮ್ಮ ಕಡೆ ಚಳಿಗಾಲ ಎಂದರೆ ಅವರೆಕಾಯಿ ಕಾಲ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳು ಸಾರು, ಸಂಜೆಗೆ ಹುರಿದ ಅವರೆಕಾಳು. ಆ ದಿನಗಳಲ್ಲಿ ಯಾರಾದರೂ 'ನಿಮ್ಮನೇಲಿ ಇವತ್ತೇನು ಸಾರು?' ಎಂದು ಕೇಳಿದರೆ ಅವರು ಪರಊರಿನವರು ಎಂದೇ ತಿಳಿಯಬೇಕು. ಸುಲಿದ ಸಿಪ್ಪೆಯನ್ನು ಮನೆ ಮುಂದೆ ಗುಡ್ಡೆ ಹಾಕುವುದು ಆಗಿನ ಒಂದು ಠೀವಿ. ಗುಡ್ಡೆ ಎಷ್ಟು ದೊಡ್ಡದೋ ಆ ಮನೆಯ ಊಟ ಅಷ್ಟು ಜೋರು!

ಅಂಥ ಒಂದು ಗುಡ್ಡೆಯ ಅಂಚಿನಲ್ಲಿ, ಮಂಜು ಮುಸುಕಿದ್ದ ಬೆಳಗಿನಲ್ಲಿ, ನಲ್ಲಿಯಿಂದ ನೀರು ಹೊತ್ತು ತರುತ್ತಿದ್ದ ನನ್ನ ಹೆಂಡತಿ ಗಿರಿಜೆ ಕಾಲಿಟ್ಟಳು. ಸಿಪ್ಪೆ ಜಾರಿತು. ಕೊಡ ಒಂದು ಕಡೆ, ಗಿರಿಜೆ ಇನ್ನೊಂದು ಕಡೆ! ಕೊಡಕ್ಕೆ ಸಣ್ಣ ನೆಗ್ಗು ಬಿತ್ತು. ಗಿರಿಜೆಯ ಕಾಲು ಉಳುಕಿ ಸೋರೆಕಾಯಿಯಂತೆ ಊದಿಕೊಂಡಿತು. ಡಾಕ್ಟರು ಬಿಗಿಯಾಗಿ ಪಟ್ಟಿ ಕಟ್ಟಿ, ವಾಸಿಯಾಗುವವರೆಗೆ ಆ ಕಾಲನ್ನು ನೆಲಕ್ಕೆ ಊರಕೂಡದು ಎಂದು ಅಪ್ಪಣೆ ಮಾಡಿದರು.

ನಮಗಿನ್ನೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಪಕ್ಕದ ಮನೆಯ ನಂಜಮ್ಮನವರು ಒಂದು ಹೊತ್ತು ಊಟ ಕಳಿಸುತ್ತಿದ್ದರು, ಇನ್ನೊಂದು ಹೊತ್ತು ನಾನು ಹೋಟೆಲಿನಿಂದ ಇಡ್ಲಿ ತರುತ್ತಿದ್ದೆ. ಸಂಸಾರ ಸುಖವಾಗಿಯೇ ನಡೆದಿತ್ತು. ಆದರೆ ಸುದ್ದಿ ಗಿರಿಜೆಯ ತವರಾದ ಮಾಯಸಂದ್ರದ ಕಡೆಗೆ ಬಸ್ಸು ಹತ್ತಿತು. ಬಸ್ಸಿನಲ್ಲಿ ಹೋಗುವ ಸುದ್ದಿ ದಾರಿಯುದ್ದಕ್ಕೂ ಬೆಳೆಯುತ್ತದೆ. 'ಕಾಲು ಉಳುಕಿದೆ' ಎಂದು ಇಲ್ಲಿ ಹತ್ತಿದ್ದು ಅಲ್ಲಿ 'ಕಾಲು ಮುರಿದಿದೆ' ಎಂದು ಇಳಿಯಿತು. ಮಾರನೆಯ ದಿನ ಸಂಜೆಯ ಬಸ್ಸಿಗೆ ನಮ್ಮ ಮಾವನವರು ಒಂದು ಚೀಲ ಅವರೆಕಾಯಿ ಹೊತ್ತು ಬಂದೇಬಿಟ್ಟರು.

ಮಾವನವರ ವಿಷಯ ಎರಡು ಮಾತು ಹೇಳಬೇಕು. ತೆಂಗಿನ ತೋಟ, ಹೊಲ, ದನಕರು ಇರುವ ಗಟ್ಟಿ ಕುಳ. ಹಣೆತುಂಬ ವಿಭೂತಿ, ಮುಖತುಂಬ ಮೀಸೆ. ಲಿಂಗಪೂಜೆ ಆಗದೆ ಬಾಯಿಗೆ ನೀರು ಬಿಡುವವರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೋಟೆಲಿನ ಅನ್ನವಿರಲಿ, ಹೋಟೆಲಿನ ಲೋಟವನ್ನೂ ಮುಟ್ಟುವವರಲ್ಲ! ಎಲ್ಲಿಗೆ ಹೋದರೂ ಬುತ್ತಿ ಕಟ್ಟಿಸಿಕೊಂಡೇ ಹೋಗುವುದು. ಮದುವೆಯಾದಾಗಿನಿಂದ ಗಿರಿಜೆ ನನಗೆ ಹೇಳಿದ ಅಪ್ಪನ ಕಥೆಗಳಲ್ಲಿ ಅರ್ಧ ಈ ನೇಮದ ಕಥೆಗಳೇ.

ಅವರು ಮಗಳ ಕಾಲನ್ನು ನೋಡಿದರು. ಆಮೇಲೆ ತಣ್ಣಗಿದ್ದ ಒಲೆಯನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಇಲ್ಲಿ ನಿನ್ನ ನೋಡ್ಕಳೋರು ಯಾರವ್ವಾ? ನಡಿ, ಊರಿಗೆ ಹೋಗಾನ. ಸಂಕ್ರಾಂತಿ ಕಳ್ಕಂಡು ನಿಧಾನಕ್ಕೆ ಬರೀವಂತೆ" ಎಂದರು.

ಸಂಕ್ರಾಂತಿ ಎಂದರೆ ಇನ್ನೂ ತಿಂಗಳಿತ್ತು! ಈ ಚಳಿಯಲ್ಲಿ, ಈ ಅವರೆಕಾಯಿ ಕಾಲದಲ್ಲಿ, ತಿಂಗಳಿಡೀ ಒಬ್ಬನೇ ಖಾಲಿ ಮನೆಯ ಬೀಗ ತೆಗೆಯುವುದೇ? ಜೊತೆಗೆ, ಬಾಯಿಬಿಟ್ಟು ಹೇಳಲು ಸಂಕೋಚವಾದರೂ, ಗಿರಿಜೆಯ ಬೈಗುಳ ಕೇಳದಿದ್ದರೆ ನನಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ನಾನಿದ್ದೀನಲ್ಲ ಮಾವ! ಗಿರಿಜೆ ಮಲಗಿದಾಗಿನಿಂದ ಅಡುಗೆಯೆಲ್ಲ ನನ್ನದೇ" ಎಂದುಬಿಟ್ಟೆ.

ಜವಳಿ ಬಿಚ್ಚಿ ಮಡಿಸಿ ನುಣುಪಾಗಿದ್ದ ನನ್ನ ಕೈಗಳನ್ನು ಮಾವನವರು ದಿಟ್ಟಿಸಿದರು. "ನೀವಾ?"

"ನಾನೇ! ಸಾರು, ಪಲ್ಯ, ಮುದ್ದೆ, ಎಲ್ಲ!"

ಮಂಚದ ಮೇಲೆ ಗಿರಿಜೆ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು. ಮಂಚ ಅಲುಗಾಡತೊಡಗಿತು. ಪಾಪ, ಚಳಿಗೆ ನಡುಗುತ್ತಿದ್ದಾಳೆ ಎಂದುಕೊಂಡೆ.

"ಹಂಗಾದ್ರೆ ಭಾಳ ಸಂತೋಸ" ಎಂದರು ಮಾವನವರು. "ನಾಳೀಕೆ ಇದುಕಿದ್ ಬ್ಯಾಳೆ ಸಾರು, ಮುದ್ದೆ ಮಾಡ್ಬುಡಿ. ನಮ್ಮ ಹೊಲದ ಕಾಯಿ, ಒಳ್ಳೆ ಸೊಗಡೈತೆ. ಉಂಡು ನೋಡಿ ಆಮ್ಯಾಕೆ ಹೇಳ್ತೀನಿ, ಮಗಳನ್ನ ಬುಟ್ಟು ಹೋಗೋದೋ ಕರ್ಕಂಡು ಹೋಗೋದೋ ಅಂತ."

ಹೀಗೆ ನನ್ನ ದಾಂಪತ್ಯದ ಭವಿಷ್ಯ ಒಂದು ಪಾತ್ರೆ ಸಾರಿನ ಮೇಲೆ ನಿಂತಿತು.

ಬೆಳಗ್ಗೆ ಅಂಗಡಿಗೆ ರಜ ಘೋಷಿಸಿ, ಪಂಚೆ ಎತ್ತಿ ಕಟ್ಟಿ, ರಾತ್ರಿಯೇ ಸುಲಿದು ನೆನೆಹಾಕಿದ್ದ ಕಾಳಿನ ಮುಂದೆ ಕೂತೆ. ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಬಟ್ಟಲಿಗೆ ಬೀಳಬೇಕು. ಹೆಂಗಸರು ಮಾತಾಡುತ್ತಾ, ಬಟ್ಟಲ ಕಡೆ ನೋಡದೆ, ಮಳೆ ಹನಿಯುವಂತೆ ಉದುರಿಸುತ್ತಾರೆ. ನಾನು ಹಿತುಕಿದ ಮೊದಲ ಬೇಳೆ ಬಟ್ಟಲನ್ನು ದಾಟಿ, ಹೊಸ್ತಿಲನ್ನು ದಾಟಿ, ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಮಾವನವರ ಲೋಟಕ್ಕೆ ಹೋಗಿ ಬಿತ್ತು. ಗುರಿಯಿಟ್ಟು ಹೊಡೆದರೂ ಹಾಗೆ ಬೀಳಲಾರದು! ಅವರು ಬೆರಳು ಹಾಕಿ ಬೇಳೆಯನ್ನು ತೆಗೆದು, ಸ್ವಲ್ಪ ಹೊತ್ತು ನೋಡಿ, ಬಾಯಿಗೆ ಹಾಕಿಕೊಂಡರು. "ಚೆನ್ನಾಗಿ ನೆಂದೈತೆ" ಎಂದರು. ಇದೊಂದೇ ಆ ದಿನ ನನ್ನ ಅಡುಗೆಗೆ ಸಿಕ್ಕ ಪ್ರಶಂಸೆ.

ಕೆಲವು ಬೇಳೆಗಳು ಗೋಡೆಗೆ ಅಂಟಿದವು. ಕೆಲವು ಒರಳಿನ ಸಂದಿ ಸೇರಿದವು. ಉಳಿದವನ್ನು ಒಲೆಯ ಮೇಲೆ ಬೇಯಲು ಇಟ್ಟು ಮಸಾಲೆಗೆ ಕೈಹಾಕಿದೆ. ಗಿರಿಜೆ ನಡುಮನೆಯ ಮಂಚದಿಂದಲೇ ಒಂದೊಂದಾಗಿ ಹೇಳುತ್ತಾ ಹೋದಳು. ಮೆಣಸಿನಕಾಯಿ ಹುರಿಯಬೇಕೆಂದಳು. ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ. ಘಾಟು ಎದ್ದಿತು ನೋಡಿ! ಗಿರಿಜೆ ಕೆಮ್ಮಿದಳು, ಮಾವನವರು ಕೆಮ್ಮಿದರು, ಬೀದಿಯಲ್ಲಿ ಎಳನೀರು ಮಾರುವವನು ಕೆಮ್ಮಿಕೊಂಡೇ ಗಾಡಿ ತಳ್ಳಿಕೊಂಡು ಓಡಿದ. ನಾನು ಮಾತ್ರ ಕಣ್ಣು ಮೂಗು ಸುರಿಸಿಕೊಂಡು ಒರಳುಕಲ್ಲಿನ ಮುಂದೆ ವೀರನಂತೆ ಕೂತು, ಕಾಯಿ, ಕೊತ್ತಂಬರಿ, ಚಕ್ಕೆ, ಲವಂಗ, ಬೆಳ್ಳುಳ್ಳಿ, ಎಲ್ಲವನ್ನೂ ರುಬ್ಬಿ ಬೇಳೆಗೆ ಸುರಿದೆ.

ಸಾರು ಕುದಿಯತೊಡಗಿತು. ಘಮಘಮ ಎಂದಿತು. ಆ ಕ್ಷಣದಲ್ಲಿ ಯಾರಾದರೂ ನನ್ನನ್ನು ಅಲ್ಲಿಂದ ಎತ್ತಿಕೊಂಡು ಹೋಗಿದ್ದರೆ ಇವತ್ತಿಗೂ ನಾನು ದೊಡ್ಡ ಪಾಕಪ್ರವೀಣನೇ!

ಮಂಚದಿಂದ ದನಿ ಬಂತು. "ರೀ, ಉಪ್ಪು ಹಾಕಿದ್ರಾ?"

ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಹೆಂಡತಿ ಕೇಳಿದಾಗ 'ಗೊತ್ತಿಲ್ಲ' ಎನ್ನುವುದಕ್ಕಿಂತ ಹಾಕಿಬಿಡುವುದು ಕ್ಷೇಮ. ಒಂದು ಹಿಡಿ ಹಾಕಿ "ಹಾಕಿದೆ" ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಉಪ್ಪು ಸರಿಯಾಗಿ ಹಾಕಿದ್ರಾ?" ಸರಿಯಾಗಿ ಎಂದರೆ ಸಾಲದಾಗಿದೆ ಎಂದು ಅರ್ಥ ತಾನೆ? ಇನ್ನೊಂದು ಹಿಡಿ. ಅಷ್ಟರಲ್ಲಿ ಮಾವನವರೂ ಜಗಲಿಯಿಂದ ಕೂಗಿದರು. "ಅಳಿಯಂದ್ರೇ, ಉಪ್ಪು ಒಂಚೂರು ಮುಂದಿರ್ಲಿ. ಇದುಕಿದ್ ಬ್ಯಾಳೆ ಸಪ್ಪೆ ಆದ್ರೆ ಸೊಗಸಿಲ್ಲ!" ಹಿರಿಯರ ಮಾತು. ಮೀರಲಾದೀತೆ?

ಆಮೇಲೆ ಸೌಟಿನಲ್ಲಿ ಸ್ವಲ್ಪ ತೆಗೆದು ನಾಲಿಗೆಗೆ ಹಚ್ಚಿದೆ. ಮುಖ ತಾನಾಗಿಯೇ ಕಿವುಚಿಕೊಂಡಿತು!

ಗಾಬರಿಯಲ್ಲಿ ಒಂದು ಚೊಂಬು ನೀರು ಸುರಿದೆ. ಉಪ್ಪು ಕಡಿಮೆಯಾಗಲಿಲ್ಲ, ಖಾರ ಕಡಿಮೆಯಾಯಿತು. ಮೆಣಸಿನಪುಡಿ ಹಾಕಿದೆ. ಖಾರ ಹೆಚ್ಚಾಯಿತು. ಬೆಲ್ಲ ಹಾಕಿದೆ. ಸಾರೋ ಪಾಯಸವೋ ಎಂಬ ಅನುಮಾನ ಬಂತು. ಹುಣಿಸೆಹಣ್ಣು ಕಿವುಚಿ ಹಾಕಿದೆ. ಪಾತ್ರೆ ತುಂಬಿತು. ದೊಡ್ಡ ಪಾತ್ರೆಗೆ ಬಗ್ಗಿಸಿದೆ. ಮತ್ತೆ ನೀರು. ಅದೂ ತುಂಬಿತು. ಅಟ್ಟದ ಮೇಲಿಂದ ಗೌರಿಹಬ್ಬದ ದೊಡ್ಡ ಕೊಳದಪ್ಪಲೆಯನ್ನು ಇಳಿಸಿ ಅದಕ್ಕೆ ಸುರಿದೆ. ಸಾರಿನ ಮೇಲೆ ಅಲ್ಲೊಂದು ಇಲ್ಲೊಂದು ಬೇಳೆ ದಿಕ್ಕು ತಪ್ಪಿದ ಪ್ರಯಾಣಿಕರಂತೆ ತೇಲುತ್ತಿತ್ತು.

ಇದೇ ಹೊತ್ತಿಗೆ ನಂಜಮ್ಮನವರು ಮಜ್ಜಿಗೆ ಕೊಡಲು ಹಿತ್ತಲ ಬಾಗಿಲಿನಿಂದ ಬಂದರು. ಕೊಳದಪ್ಪಲೆ ನೋಡಿ ಅಲ್ಲೇ ನಿಂತರು.

"ಇದೇನ್ರೀ ಸ್ವಾಮಿ, ಬೀದಿಗೆಲ್ಲ ಊಟ ಹೇಳಿದ್ದೀರಾ?"

"ಇಲ್ಲಮ್ಮ, ಮಾವನವರಿಗೆ. ಸ್ವಲ್ಪ ರುಚಿ ನೋಡಿ ಹೇಳಿ" ಎಂದು ಅಂಗೈಗೆ ಒಂದು ಹನಿ ಹಾಕಿದೆ.

ನಂಜಮ್ಮನವರು ಸಭ್ಯ ಹೆಂಗಸು. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಕೇಳಿದರು. "ಉಪ್ಪಿನಕಾಯಿ ಹಾಕ್ತಾ ಇದ್ದೀರಾ?"

ಸಾರು ಹೋದರೆ ಹೋಗಲಿ, ಮುದ್ದೆಯಲ್ಲಾದರೂ ಮಾನ ಉಳಿಸಿಕೊಳ್ಳೋಣ ಎಂದು ಎಸರಿಟ್ಟು ರಾಗಿಹಿಟ್ಟು ಸುರಿದೆ. ಕೋಲು ಹಾಕಿ ತಿರುವಿದೆ. ಹಿಟ್ಟು ಗಂಟಾಯಿತು. ಇನ್ನಷ್ಟು ತಿರುವಿದೆ. ಗಂಟುಗಳೆಲ್ಲ ಒಗ್ಗಟ್ಟಾಗಿ ಕೋಲನ್ನು ಹಿಡಿದುಕೊಂಡವು. ಬಲವಾಗಿ ಎಳೆದೆ. ಕೋಲಿನ ಜೊತೆ ಪಾತ್ರೆಯೂ ಮೇಲಕ್ಕೆ ಬಂತು! ಅದನ್ನು ಕೊಡವುತ್ತಾ ಅಡುಗೆಮನೆಯ ನಡುವೆ ಗದೆ ಹಿಡಿದ ಭೀಮನಂತೆ ನಿಂತಿದ್ದಾಗ ಬಾಗಿಲಲ್ಲಿ ಮಾವನವರ ಮೀಸೆ ಕಂಡಿತು.

ಅವರು ನನ್ನನ್ನು ನೋಡಿದರು. ತೂಗಾಡುತ್ತಿದ್ದ ಪಾತ್ರೆಯನ್ನು ನೋಡಿದರು. ಕೊಳದಪ್ಪಲೆಯನ್ನು ನೋಡಿದರು.

"ಅಳಿಯಂದ್ರೇ, ನೀವು ಸಾವಕಾಶವಾಗಿ ಮಾಡಿ. ನಾನು ಹಿಂಗೆ ಮಂಡಿ ಕಡೀಕೆ ಹೋಗಿ ಕೊಬ್ಬರಿ ಧಾರಣೆ ವಿಚಾರಿಸ್ಕಂಡು ಬತ್ತೀನಿ" ಎಂದು ಹೆಗಲಿಗೆ ವಲ್ಲಿ ಏರಿಸಿ ಹೊರಟೇಹೋದರು.

ದೇವರು ದೊಡ್ಡವನು ಎಂದುಕೊಂಡೆ. ತಲೆಯಲ್ಲಿ ಫಳ್ಳನೆ ಒಂದು ಉಪಾಯ ಹೊಳೆಯಿತು. ಹೋಟೆಲಿನಿಂದ ಸಾಂಬಾರು ತಂದು, ನನ್ನ ಸಾರಿನಲ್ಲಿ ತೇಲುತ್ತಿದ್ದ ಬೇಳೆಗಳನ್ನು ಆರಿಸಿ, ತೊಳೆದು, ಅದರೊಳಗೆ ಬಿಟ್ಟರೆ ಹಿತಕಿದ ಬೇಳೆ ಸಾರು ಸಿದ್ಧ! ಜನ್ಮದಲ್ಲಿ ಹೋಟೆಲು ಮೆಟ್ಟದ ಮಾವನವರಿಗೆ ಹೋಟೆಲಿನ ರುಚಿ ಹೇಗೆ ಗೊತ್ತಾಗಬೇಕು? ನೇಮದವರಿಗೆ ಹೀಗೆ ಮಾಡುವುದು ತಪ್ಪಲ್ಲವೇ ಎಂದು ಮನಸ್ಸಿನ ಒಂದು ಮೂಲೆ ಕೇಳಿತು. ಇನ್ನೊಂದು ಮೂಲೆ ಸಂಕ್ರಾಂತಿಯನ್ನು ತೋರಿಸಿತು. ಗಿರಿಜೆಗೆ "ಕೊತ್ತಂಬರಿ ಸೊಪ್ಪು ತರ್ತೀನಿ" ಎಂದು ಹೇಳಿ, ಟಿಫಿನ್ ಕ್ಯಾರಿಯರನ್ನು ಶಾಲಿನೊಳಗೆ ಅಡಗಿಸಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿನ ಹೋಟೆಲಿಗೆ ಹೋದೆ.

ಕ್ಯಾರಿಯರಿಗೆ ಸಾಂಬಾರು ತುಂಬಿಸುತ್ತಾ ನಿಂತಿದ್ದಾಗ ಒಳಗಿನ ಫ್ಯಾಮಿಲಿ ರೂಮಿನ ಪರದೆಯ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಬೆಳಗಿನಿಂದ ಮೆಣಸಿನಕಾಯಿ ಘಾಟಿಗೆ ಕೆಮ್ಮಿ ಕೆಮ್ಮಿ ನನಗೆ ಚೆನ್ನಾಗಿ ಪರಿಚಯವಾಗಿದ್ದ ಕೆಮ್ಮು! ಅದರ ಹಿಂದೆಯೇ ಮಾತು.

"ಇನ್ನೊಂದು ಮಸಾಲೆ ಹಾಕ್ಸಪ್ಪ. ಚಟ್ನಿ ಗಟ್ಟಿದು. ಬೆಣ್ಣೆ ಮರೀಬ್ಯಾಡ."

ಸಪ್ಲೈಯರು ನಗುತ್ತಾ, "ಗೊತ್ತು ಬಿಡಿ ಯಜಮಾನ್ರೇ, ಯಾವಾಗ್ಲೂ ನಿಮ್ದು ಅದೇ ಅಲ್ವಾ" ಎಂದ.

ಯಾವಾಗಲೂ!

ನಾನು ಪರದೆ ಸರಿಸಿದೆ. ಒಳಗೆ ಮಾವನವರು ಬಾಳೆಲೆಯ ಮುಂದೆ ಕೂತಿದ್ದರು. ಕೈಯಲ್ಲಿದ್ದ ದೋಸೆಯ ತುಂಡು ಬಾಯಿಗೂ ಎಲೆಗೂ ನಡುವೆ ನಿಂತಿತು. ಅವರ ಕಣ್ಣು ನನ್ನ ಶಾಲಿನ ಕೆಳಗಿನಿಂದ ಇಣುಕುತ್ತಿದ್ದ ಕ್ಯಾರಿಯರಿನ ಮೇಲೆ, ನನ್ನ ಕಣ್ಣು ಅವರ ಆಲೂಗಡ್ಡೆ ಪಲ್ಯದ ಮೇಲೆ.

"ಕೊಬ್ಬರಿ ಧಾರಣೆ ಹೇಗಿದೆ ಮಾವ?" ಎಂದೆ.

"ಏರೈತೆ" ಎಂದರು. ಆಮೇಲೆ ಅತ್ತಿತ್ತ ನೋಡಿ, "ಕುಂತ್ಕಳಿ. ಪರದೆ ಎಳೀರಿ ಮೊದ್ಲು!" ಎಂದು ಗದರಿದರು.

ಕೂತೆ. ನನಗೂ ಒಂದು ದೋಸೆ ಬಂತು. ಬೆಳಗಿನಿಂದ ಹಸಿದಿದ್ದ ಹೊಟ್ಟೆ. ಆ ಗರಿಗರಿ ದೋಸೆ, ಆ ಬೆಣ್ಣೆ, ಹೊರಗಿನ ಚಳಿಗೆ ಹಬೆಯಾಡುವ ಕಾಫಿ! ಮದುವೆಯಾಗಿ ಅಷ್ಟು ವರ್ಷಗಳಾದರೂ ಮಾವನವರೂ ನಾನೂ ಎದುರುಬದುರು ಕೂತು ಅಷ್ಟು ನೆಮ್ಮದಿಯಾಗಿ ಉಂಡದ್ದಿರಲಿಲ್ಲ.

"ನೋಡಿ, ಮನೇಲಿ ನೇಮ ಅಂದ್ಬುಟ್ಟಿದ್ದೀನಿ. ಸಂತೆಗೆ ಬಂದಾಗ ಒಂದೊಂದ್ಸಲ ನಾಲಿಗೆ ಕೇಳಲ್ಲ. ಗಿರ್ಜನ ಕಿವಿಗೆ ಬಿದ್ರೆ ಅವರಮ್ಮನ ಕಿವಿಗೆ ಬಿದ್ದಂಗೆ" ಎಂದರು ಮೆಲ್ಲಗೆ.

"ನಾನ್ಯಾಕೆ ಹೇಳಲಿ ಮಾವ? ಗಿರಿಜೆ ಇಲ್ಲೇ ಇದ್ದರೆ ಸಾಕು."

"ಇರ್ಲಿ ಬುಡಿ. ಸಾರು ಬೊಂಬಾಟಾಗಿತ್ತು ಅಂತೀನಿ." ಕ್ಯಾರಿಯರಿನ ಕಡೆ ಕಣ್ಣು ಹೊಡೆದರು. "ಇಲ್ಲಿ ಸಾಂಬಾರು ಚೆನ್ನಾಗೇ ಇರ್ತೈತೆ."

ಹೀಗೆ ಸಂಧಾನವಾಯಿತು. ಅನುಮಾನ ಬಾರದಿರಲೆಂದು ಅವರು ಮುಂಬಾಗಿಲಿನಿಂದಲೂ ನಾನು ಹಿತ್ತಲ ಕಡೆಯಿಂದಲೂ ಮನೆ ಸೇರುವುದೆಂದು ಮಾತಾಡಿಕೊಂಡೆವು. ಗೆದ್ದೆನೆಂಬ ಸಂಭ್ರಮದಲ್ಲಿ ಹಿತ್ತಲ ಬಾಗಿಲು ತಳ್ಳಿದೆ.

ಒಲೆಯ ಮುಂದೆ ಗಿರಿಜೆ! ಮಣೆಯ ಮೇಲೆ ಕೂತು, ಪಟ್ಟಿ ಕಟ್ಟಿದ ಕಾಲನ್ನು ಮುಂದಕ್ಕೆ ಚಾಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುದ್ದೆ ಕಟ್ಟುತ್ತಿದ್ದಳು. ನಂಜಮ್ಮನವರು ಪಕ್ಕದಲ್ಲಿ ಪಾತ್ರೆ ಒರೆಸುತ್ತಿದ್ದರು. ನನ್ನ ಕೊಳದಪ್ಪಲೆ ಹಿತ್ತಲಿನಲ್ಲಿ ಬೋರಲು ಬಿದ್ದಿತ್ತು. ಉಳಿದ ಕಾಳನ್ನೆಲ್ಲ ಇಬ್ಬರೂ ಸೇರಿ ಹಿತುಕಿ, ಬೇರೆ ಮಸಾಲೆ ರುಬ್ಬಿ, ಹೊಸದಾಗಿ ಸಾರು ಮಾಡಿ ಮುಗಿಸಿದ್ದರು. ಒಗ್ಗರಣೆಯ ಘಮಕ್ಕೆ ಮನೆ ತುಂಬಿಹೋಗಿತ್ತು.

"ಬಂದ್ರಾ? ಕೊತ್ತಂಬರಿ ಸೊಪ್ಪು ಎಲ್ಲಿ?" ಎಂದಳು.

"ಸಿಗಲಿಲ್ಲ ಕಣೇ" ಎಂದು ಕ್ಯಾರಿಯರನ್ನು ಬಾಗಿಲ ಹಿಂದೆ ಸರಿಸಿದೆ.

"ಹೋಗ್ಲಿ, ಕೂತ್ಕೊಳಿ. ಅಪ್ಪನಿಗೆ ನೀವೇ ಮಾಡಿದ್ದು ಅಂತಲೇ ಹೇಳ್ತೀನಿ" ಎಂದು ಮೆಲ್ಲನೆ ನಕ್ಕಳು.

ಆ ಒಂದು ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಬೆಳಗಿನ ಮೆಣಸಿನಕಾಯಿಗೂ ಅಷ್ಟು ಬಂದಿರಲಿಲ್ಲ. ಅವಳೂ ಇಲ್ಲೇ ಉಳಿಯಬೇಕೆಂದುಕೊಂಡಿದ್ದಳಲ್ಲ!

ಎಲೆ ಹಾಕಿದರು. ಮಾವನವರೂ ನಾನೂ ಅಕ್ಕಪಕ್ಕ ಕೂತೆವು. ಒಬ್ಬೊಬ್ಬರಿಗೆ ಒಂದೊಂದು ಮುದ್ದೆ, ಅದೇನು ಮುದ್ದೆ, ತಲೆಗಾತ್ರದ್ದು! ಮೇಲೆ ತುಪ್ಪ, ಸುತ್ತ ಕೆರೆಯಂತೆ ಸಾರು. ಹಸಿದವನಿಗೆ ಅದು ಸ್ವರ್ಗ. ನಮ್ಮ ಹೊಟ್ಟೆಯೊಳಗೆ ಮಾತ್ರ ಆಗಲೇ ಮಸಾಲೆ ದೋಸೆಗಳು ಕಾಲು ಚಾಚಿ ಮಲಗಿದ್ದವು. ನಾನು ಮುದ್ದೆಯನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿದೆ. ಮಾವನವರು ಆ ಕಡೆಯಿಂದ ಈ ಕಡೆಗೆ ಹೊರಳಿಸಿದರು.

"ಯಾಕಪ್ಪಾ ಉಣ್ತಾ ಇಲ್ಲ? ಮುದ್ದೆ ಮೇಲೆ ಮುದ್ದೆ ಇಕ್ಕಿಸ್ಕಳೋನು ನೀನು!"

"ಉಂಡೇನು ಬುಡವ್ವ. ಬಿಸಿ ಐತೆ."

ಗಿರಿಜೆ ಅಪ್ಪನ ಮುಖವನ್ನೇ ದಿಟ್ಟಿಸಿದಳು. "ಅಪ್ಪಾ, ನಿನ್ನ ಮೀಸೇಲಿ ಏನದು ಹಳದಿ?"

ಮಾವನವರು ಮೀಸೆ ಒರೆಸಿಕೊಂಡರು. ಆಲೂಗಡ್ಡೆಯ ಒಂದು ಚೂರು, ಒಗ್ಗರಣೆಯ ಸಾಸಿವೆಕಾಳಿನ ಸಮೇತ, ಎಲೆಯ ಮೇಲೆ ಉದುರಿತು. ನಾಲ್ವರೂ ಅದನ್ನೇ ನೋಡಿದೆವು. ನಮ್ಮ ಮನೆಯಲ್ಲಿ ಆ ದಿನ ಆಲೂಗಡ್ಡೆಯೇ ಇರಲಿಲ್ಲ!

"ಅಪ್ಪಾ! ಹೋಟ್ಲಿಗೆ ಹೋಗಿದ್ಯಾ?"

ಮಾವನವರು ಒಂದು ಕ್ಷಣವೂ ತಡಮಾಡಲಿಲ್ಲ. ಸೀದಾ ನನ್ನ ಕಡೆ ಕೈ ತೋರಿಸಿದರು.

"ನಾನೆಲ್ಲಿ ಹೋದೇನವ್ವಾ? ನಿನ್ನ ಗಂಡ ಬಲವಂತ ಮಾಡಿ ಕರ್ಕಂಡು ಹೋದ್ರು. ಹಿರಿಯ ಅಳಿಯ, ಕೈ ಹಿಡ್ಕಂಡ್ರು. ಬ್ಯಾಡ ಅಂದ್ರೆ ನೊಂದ್ಕಳಲ್ವಾ?"

ಸಂಧಾನ ಮುರಿದುಬಿತ್ತು. ನಾನು ಬಾಯಿ ತೆರೆದೆ. ಮಾವನವರ ಕಣ್ಣುಗಳು ನನ್ನನ್ನು ಬೇಡಿಕೊಂಡವು. ನಾನು ಬಾಯಿ ಮುಚ್ಚಿದೆ.

"ಅವರ ನೇಮ ಕೆಡಿಸಿದ್ರಾ!" ಎಂದು ಗಿರಿಜೆ ನನ್ನತ್ತ ತಿರುಗಿ ಸೌಟು ಎತ್ತಿದಳು. ಅದೇ ಗಳಿಗೆಗೆ ನಂಜಮ್ಮನವರು ಬಾಗಿಲ ಹಿಂದಿನಿಂದ ಕ್ಯಾರಿಯರನ್ನು ತೆಗೆದು, ಮುಚ್ಚಳ ಬಿಚ್ಚಿ, "ಸಾಂಬಾರು!" ಎಂದು ಘೋಷಿಸಿದರು.

ಮಾವನವರಿಗೆ ಈಗ ಧೈರ್ಯ ಬಂತು. ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಬರುವ ಧೈರ್ಯ. "ನೋಡು, ಇದಕ್ಕೇ ಹೇಳಿದ್ದು. ಸಾಂಬಾರು ಇಲ್ಲೇ ಐತೆ ಅಂದ್ರೆ ಎಲೇಲಿರೋ ಸಾರು ನಿಂದೇ! ಉಳುಕಿದ ಕಾಲಲ್ಲಿ ನಿನ್ನ ಒಲೆ ಮುಂದೆ ಕೂರಿಸಿದ್ರಲ್ಲ ಇವ್ರು! ಏಳು, ಬಟ್ಟೆ ಕಟ್ಕ. ಈಗಲೇ ಹೊರಡಾನ!"

ನಾನು ತಲೆ ತಗ್ಗಿಸಿದೆ. ಗಿರಿಜೆ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು. ಹಿತ್ತಲಿನ ಕೊಳದಪ್ಪಲೆಯ ಕಡೆ ನೋಡಿದಳು, ಕ್ಯಾರಿಯರನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನಾನು ಬರಲ್ಲ ಕಣಪ್ಪ. ನಂದು ಕೆಟ್ಟಿರೋದು ಒಂದು ಕಾಲು ಅಷ್ಟೇ. ಇವರನ್ನ ನೋಡು! ಇವರನ್ನ ಒಬ್ರನ್ನೇ ಬಿಟ್ಟು ಬರಕ್ಕಾಗುತ್ತಾ?"

ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಯೋಚಿಸಿದರು. ಬಹಳ ಗಂಭೀರವಾಗಿ ತಲೆಯಾಡಿಸಿದರು.

"ಅದೂ ದಿಟವೇ ಬುಡು" ಎಂದರು.

ಹೀಗೆ ನಾನು ಬಯಸಿದ್ದೇನೋ ಆಯಿತು. ಗಿರಿಜೆ ಉಳಿದಳು. ಮಾವನವರು ಮಾರನೆಯ ದಿನ ನನ್ನ ಬೆನ್ನು ತಟ್ಟಿ ಬಸ್ಸು ಹತ್ತಿದರು. ಕಾಲು ವಾಸಿಯಾಗುವವರೆಗೆ ನಂಜಮ್ಮನವರ ಮನೆಯಿಂದ ಎರಡು ಹೊತ್ತೂ ಊಟ ಬಂತು. ನನಗೆ ಅಡುಗೆಮನೆಗೆ ಪ್ರವೇಶ ನಿಷಿದ್ಧವಾಯಿತು. ಕಂಬಳಿ ಹೊದ್ದು, ಮಂಚದ ಪಕ್ಕದಲ್ಲಿ ಕೂತು, ಗಿರಿಜೆಯ ಬೈಗುಳ ಕೇಳುತ್ತಾ ಅವರೆಕಾಳು ಮೆಲ್ಲುತ್ತಿದ್ದೆ. ಅಷ್ಟು ಸುಖವಾದ ಚಳಿಗಾಲ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ವಾರ ಕಳೆದ ಮೇಲೆ ಮಾಯಸಂದ್ರದವರೊಬ್ಬರು ಅಂಗಡಿಗೆ ಬಂದರು. ಬಟ್ಟೆಯ ಮಾತೆತ್ತದೆ ನನ್ನ ಮುಖವನ್ನೇ ಕನಿಕರದಿಂದ ನೋಡಿದರು.

"ನಿಮ್ಮ ಮಾವ ಎಲ್ಲಾ ಹೇಳಿದ್ರು ಸ್ವಾಮಿ. ಮಗಳನ್ನ ಕರ್ಕಂಡು ಬರಾಕೆ ಹೋಗಿದ್ರಂತೆ. ಅಳಿಯಂದ್ರ ಪರಿಸ್ಥಿತಿ ನೋಡಿ, ಮಗಳೇ ಇದ್ದು ನೋಡ್ಕಳ್ಲಿ ಅಂತ ಬುಟ್ಟು ಬಂದ್ರಂತೆ. ಈಗ ಹೆಂಗೈತೆ ನಿಮಗೆ?"

ನಾನು ಮರ್ಯಾದೆಗೆ ಒಂದು ಸಲ ಕೆಮ್ಮಿದೆ.

"ಪರವಾಗಿಲ್ಲ, ಸುಧಾರಿಸ್ತಾ ಇದೆ" ಎಂದೆ.